ತೂಕ ಇಳಿಸೋ ಮುಂಚೆ ಇದನ್ನೊಮ್ಮೆ ಓದಿ

60 ಕೆಜಿಯವನು 120 ಕೆಜಿ ಸ್ಕ್ವಾಟ್ (ಹೆಗಲ ಮೇಲೆ ಭಾರ ಹೊತ್ತು ಕೂತು ಏಳೋದು) ಹೊಡೆದರೆ 90 ಕೆಜಿಯವನು 180 ಕೆಜಿ ಹೊಡೀಬೇಕಲ್ವಾ ಅಂತ ಕೆಲವರು ಕೇಳ್ತಿದ್ದೀರಿ. ಇಲ್ಲ. ಮೈತೂಕ ಒಂದೂವರೆ ಪಟ್ಟಾದರೆ ಬಲ ಏರೋದು ಸುಮಾರು 1.3 ಪಟ್ಟು, 157 ಕೆಜಿ ಆಸುಪಾಸು ಎತ್ತಿದರೆ ಇಬ್ಬರೂ ಸರಿಸಮ. ಅದೂ ಏರಿದ್ದು ಸ್ನಾಯುವಾಗಿದ್ದರೆ! ಬರೀ ಹೊಟ್ಟೆ ಬಂದಿದ್ದರೆ ಬೆಂಚ್‌ನಲ್ಲಿ (ಮಲಗಿ ಭಾರ ಎತ್ತುವಾಗ) ಮುಚ್ಚಿಡಬಹುದು, ಪುಲ್‌ಅಪ್‌ನಲ್ಲಿ (ಕಂಬಿಗೆ ಜೋತು ಮೈ ಮೇಲೆಳೆಯುವಾಗ) ಬಣ್ಣ ಬಯಲು.

ಇಳಿಸುವವರು ವಾರಕ್ಕೆ ಮೈತೂಕದ ಶೇ. 0.7 ದಾಟಬೇಡಿ, 80 ಕೆಜಿಯವರಿಗೆ ಅರ್ಧ ಕೆಜಿ ಸಾಕು. ಪ್ರೋಟೀನ್ ದಿನಕ್ಕೆ, ಮೈತೂಕದ ಪ್ರತಿ ಕೆಜಿಗೆ 1.6ರಿಂದ 2.2 ಗ್ರಾಂ. ಸುಸ್ತಾದರೆ ಸೆಟ್ (ಸುತ್ತು) ಕಡಿಮೆ ಮಾಡಿ, ಬಾರ್ ಮೇಲಿನ ತೂಕ ಮಾತ್ರ ಇಳಿಸಬೇಡಿ. ಭಾರ ಎತ್ತೋದು ಬಿಟ್ಟರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತೆ. ನೀರು ಬಿಟ್ಟು ತೂಕ ಇಳಿಸೋದಂತೂ ಬೇಡವೇ ಬೇಡ. ಅಂತಾರಾಷ್ಟ್ರೀಯ ಒಕ್ಕೂಟ IPF ನಿಯಮದ ಪವರ್‌ಲಿಫ್ಟಿಂಗ್ (ಭಾರ ಎತ್ತುವ) ಸ್ಪರ್ಧೆಗಳಲ್ಲಿ ತೂಕ ನೋಡೋದು ಸ್ಪರ್ಧೆಗೆ 2 ಗಂಟೆ ಮುಂಚೆಯಷ್ಟೇ, ಚೇತರಿಸಿಕೊಳ್ಳೋಕೆ ಸಮಯ ಸಾಲಲ್ಲ.