ಅಮೆರಿಕದ ಇಂಗ್ಲಿಷ್ ವಸಾಹತುಗಳು ಒಂದೇ ಅಚ್ಚಿನವಲ್ಲ

ಮಾನ್ಯರೇ,

ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುರವಣಿಯಲ್ಲಿ ಇತ್ತೀಚೆಗೆ ಪ್ರಕಟವಾದ ಅಮೆರಿಕ ಚರಿತ್ರೆಯ ಲೇಖನವು, ಧಾರ್ಮಿಕ ಸ್ವಾತಂತ್ರ್ಯವನ್ನು ಅರಸಿ ಹೋದ ಇಂಗ್ಲಿಷರು ಅಲ್ಲಿ ವಸಾಹತುಗಳನ್ನು ಕಟ್ಟಿದರೆಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ಇಂಥ ವಾಕ್ಯಗಳನ್ನೇ ಬಾಯಿಪಾಠ ಮಾಡುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ದೊರೆಯೂ ಭಾಷೆಯೂ ಒಂದೇ ಆಗಿದ್ದರೂ, 17ನೇ ಶತಮಾನದ ವರ್ಜೀನಿಯ ಮತ್ತು ಮ್ಯಾಸಚೂಸೆಟ್ಸ್‌ಗಳನ್ನು ಒಂದೇ ಸಮಾಜವೆಂದು ಹೇಳಲು ಬರುವುದಿಲ್ಲ.

1607ರಲ್ಲಿ ಜೇಮ್ಸ್‌ಟೌನಿಗೆ ಬಂದಿಳಿದವರನ್ನು ಕಳುಹಿಸಿದ್ದು ಲಾಭದ ಲೆಕ್ಕ ಹಾಕಿದ್ದ ವರ್ಜೀನಿಯ ಕಂಪೆನಿ. ಅವರು ಆರಿಸಿಕೊಂಡ ಜಾಗದ ನದಿಯ ನೀರು ಬೇಸಗೆಯಲ್ಲಿ ಉಪ್ಪಾಗುತ್ತಿತ್ತು. ಭೇದಿ, ಜ್ವರ, ಹಸಿವುಗಳಿಗೆ ಜನ ಗುಂಪುಗುಂಪಾಗಿ ಸತ್ತರು. ಅಲ್ಲಿ ನೆಲೆಸಿದ್ದ ಜಾನ್ ರಾಲ್ಫ್ ಬೆಳೆದು ತೋರಿಸಿದ ತಂಬಾಕು ಲಂಡನ್ನಿನಲ್ಲಿ ಮಾರಾಟವಾಗತೊಡಗಿದ ಮೇಲೆಯೇ ಆ ವಸಾಹತು ಉಸಿರಾಡಿದ್ದು. ಆದರೆ ತಂಬಾಕು ಮೂರು ನಾಲ್ಕು ವರ್ಷಗಳಲ್ಲಿ ಮಣ್ಣಿನ ಸಾರವನ್ನೆಲ್ಲ ಹೀರಿಬಿಡುವ ಬೆಳೆಯಾದ್ದರಿಂದ ಹೊಸ ನೆಲ ಸದಾ ಬೇಕಿತ್ತು. ಒಬ್ಬ ಆಳಿನ ಹಡಗಿನ ಖರ್ಚು ಕೊಟ್ಟವನಿಗೆ 50 ಎಕರೆ ಎಂಬ ನಿಯಮವೂ ಇದ್ದುದರಿಂದ, ಹಣವುಳ್ಳವರು ನದಿದಂಡೆಯುದ್ದಕ್ಕೂ ದೂರದೂರ ಹರಡಿಕೊಂಡು, ಹಡಗುಗಳು ತಮ್ಮ ತಮ್ಮ ಕಟ್ಟೆಗೇ ಬಂದು ಸರಕು ತುಂಬುವಂತೆ ಮಾಡಿಕೊಂಡರು. ಹಾಗಿರುವಾಗ ಪೇಟೆ, ಶಾಲೆಗಳು ಬೆಳೆಯುವುದಾದರೂ ಹೇಗೆ? ಬಂದವರಲ್ಲಿ ಹೆಚ್ಚಿನವರು ನಾಲ್ಕರಿಂದ ಏಳು ವರ್ಷಗಳ ದುಡಿಮೆಯ ಕರಾರಿಗೆ ಒಪ್ಪಿದ ಮದುವೆಯಾಗದ ಯುವಕರಾಗಿದ್ದು, ಅವರಲ್ಲಿ ಅನೇಕರು ಕರಾರು ಮುಗಿಯುವ ಮುನ್ನವೇ ತೀರಿಕೊಂಡರು.

ಉತ್ತರದಲ್ಲಿ, ಮ್ಯಾಸಚೂಸೆಟ್ಸ್ ಸೇರಿರುವ ನ್ಯೂ ಇಂಗ್ಲೆಂಡಿನಲ್ಲಿ, ಕಥೆಯೇ ಬೇರೆ. 1630ರಿಂದ ಸುಮಾರು ಹತ್ತು ವರ್ಷಗಳಲ್ಲಿ ಅಲ್ಲಿಗೆ ಬಂದ 20,000ದಷ್ಟು ಜನರಲ್ಲಿ ಹೆಂಡತಿ ಮಕ್ಕಳೊಂದಿಗೆ ಬಂದವರೇ ಬಹಳ. ಚಳಿ ಕಠಿಣವಾಗಿದ್ದರೂ ಹವೆ ಆರೋಗ್ಯಕರವಾಗಿತ್ತು. ಮೊಮ್ಮಕ್ಕಳನ್ನು ಕಾಣುವಷ್ಟು ಕಾಲ ಜನ ಬದುಕಿದರು. ಭೂಮಿಯನ್ನು ಊರಿಗೆ ಊರೇ ಪಡೆದು ಒಳಗೊಳಗೆ ಹಂಚಿಕೊಳ್ಳುತ್ತಿದ್ದುದರಿಂದ ಮನೆಗಳು ಪ್ರಾರ್ಥನಾ ಮಂದಿರದ ಸುತ್ತ ಒತ್ತಾಗಿ ಎದ್ದವು. ಬೈಬಲ್ ಓದಲು ಬಾರದವನನ್ನು ಸೈತಾನ ಸುಲಭವಾಗಿ ವಂಚಿಸುತ್ತಾನೆಂಬ ಭಯದಿಂದ, 50 ಮನೆಗಳಿರುವ ಊರು ಓದುಬರಹ ಕಲಿಸುವವನನ್ನು ನೇಮಿಸಬೇಕೆಂದು 1647ರಲ್ಲಿ ಮ್ಯಾಸಚೂಸೆಟ್ಸ್ ಕಾನೂನು ಮಾಡಿತು. ವರ್ಜೀನಿಯದ ಗವರ್ನರ್ ವಿಲಿಯಂ ಬರ್ಕ್ಲಿಯಾದರೋ 1671ರಲ್ಲಿ, ತನ್ನಲ್ಲಿ ಉಚಿತ ಶಾಲೆಯೂ ಮುದ್ರಣಾಲಯವೂ ಇಲ್ಲವೆಂದು ದೇವರಿಗೆ ಕೃತಜ್ಞತೆ ಸಲ್ಲಿಸಿದ!

ಹಾಗೆಂದು ಲೇಖನದ ‘ಧಾರ್ಮಿಕ ಸ್ವಾತಂತ್ರ್ಯ’ ಉತ್ತರಕ್ಕಾದರೂ ಸರಿಹೊಂದುತ್ತದೆಂದು ತಿಳಿಯಬಾರದು. ಅಲ್ಲಿ ನೆಲೆಸಿದ ಪ್ಯೂರಿಟನ್ನರು, ಎಂದರೆ ಇಂಗ್ಲೆಂಡಿನ ಚರ್ಚನ್ನು ಶುದ್ಧಗೊಳಿಸಬೇಕೆಂದಿದ್ದ ಪ್ರಾಟೆಸ್ಟೆಂಟರು, ಬಯಸಿದ್ದು ತಮ್ಮ ಆಚರಣೆಗೆ ಸ್ವಾತಂತ್ರ್ಯವನ್ನು. ಭಿನ್ನಮತವನ್ನು ಅವರು ಸಹಿಸಲಿಲ್ಲ. ಭಿನ್ನಮತದ ಪಾದ್ರಿ ರಾಜರ್ ವಿಲಿಯಮ್ಸ್ ಗಡಿಪಾರಾಗಿ ಹೋಗಿ 1636ರಲ್ಲಿ ಪ್ರಾವಿಡೆನ್ಸ್ ಕಟ್ಟಬೇಕಾಯಿತು, ಗಡಿಪಾರಾದರೂ ಮರಳಿ ಬಂದ ಕ್ವೇಕರ್ ಎಂಬ ಬೇರೊಂದು ಕ್ರೈಸ್ತ ಪಂಥದ ಮಹಿಳೆ ಮೇರಿ ಡೈಯರಳನ್ನು 1660ರಲ್ಲಿ ಬಾಸ್ಟನ್ನಿನಲ್ಲಿ ಗಲ್ಲಿಗೇರಿಸಲಾಯಿತು.

ಇನ್ನೊಂದು ಸರಳೀಕರಣವೂ ನಮ್ಮ ತರಗತಿಗಳಲ್ಲಿ ಬೇರೂರಿದೆ: ಗುಲಾಮಗಿರಿ ದಕ್ಷಿಣದ್ದು, ಉತ್ತರ ಅದರಿಂದ ದೂರವಿತ್ತು ಎಂಬುದು. ಕರಾರಿನ ಆಳುಗಳ ಬದಲು ಆಫ್ರಿಕನ್ ಗುಲಾಮರನ್ನು ದೊಡ್ಡ ಸಂಖ್ಯೆಯಲ್ಲಿ ದುಡಿಸಿದ್ದು ದಕ್ಷಿಣವೇ ಹೌದು. ಮಗು ಗುಲಾಮನೋ ಸ್ವತಂತ್ರನೋ ಎಂಬುದು ತಾಯಿಯ ಸ್ಥಿತಿಯನ್ನೇ ಅನುಸರಿಸಬೇಕೆಂದು 1662ರಲ್ಲಿ ವಿಧಿಸಿದ್ದೂ ವರ್ಜೀನಿಯವೇ. ಆದರೆ 1641ರಷ್ಟು ಮೊದಲೇ ತನ್ನ ಕಾನೂನಿನಲ್ಲಿ ಗುಲಾಮಗಿರಿಗೆ ಜಾಗ ಕೊಟ್ಟಿದ್ದು ಮ್ಯಾಸಚೂಸೆಟ್ಸ್. ಉತ್ತರದ ವ್ಯಾಪಾರ ನಡೆದ ಬಗೆಯನ್ನು, ಮೀನಿನ ದರ್ಜೆ ನೋಡಿ ಬೆಲೆ ಕಟ್ಟುವ ಮಲ್ಪೆ, ಮಂಗಳೂರು ಬಂದರುಗಳ ಜನ ಚೆನ್ನಾಗಿ ಬಲ್ಲರು. ನ್ಯೂ ಇಂಗ್ಲೆಂಡಿನವರು ಉಪ್ಪುಹಾಕಿ ಒಣಗಿಸಿದ ಕಾಡ್ ಮೀನಿನಲ್ಲಿ ಒಳ್ಳೆಯದನ್ನು ಸ್ಪೇನ್, ಪೋರ್ಚುಗಲ್‌ಗಳಿಗೆ ಕಳುಹಿಸಿ, ಮುರಿದುದನ್ನೂ ಸರಿಯಾಗಿ ಒಣಗದುದನ್ನೂ ಕೆರಿಬಿಯನ್ ದ್ವೀಪಗಳ ಗುಲಾಮರ ಊಟಕ್ಕೆಂದು ಮಾರುತ್ತಿದ್ದರು. ನೆಲವನ್ನೆಲ್ಲ ಕಬ್ಬಿಗೇ ಬಿಟ್ಟಿದ್ದ ಬಾರ್ಬಡೋಸ್, ತಿನ್ನುವ ಮೀನಿಗೂ ಪೀಪಾಯಿ ಮಾಡುವ ಮರಕ್ಕೂ ಹೊರಗಿನವರನ್ನು ನಂಬಿಕೊಂಡಿತ್ತು. ಅಲ್ಲಿಂದ ಬಂದ ಕಾಕಂಬಿ ನ್ಯೂ ಇಂಗ್ಲೆಂಡಿನಲ್ಲಿ ರಮ್ ಆಯಿತು. ಶಾಲೆ ಕಟ್ಟಿದ ಊರುಗಳ ಸಂಪತ್ತಿನಲ್ಲಿ ಸಕ್ಕರೆ ತೋಟಗಳ ಪಾಲೂ ಇತ್ತು.

ಪುರವಣಿಯಲ್ಲಿ ಮುಂದೆ ಈ ವಿಷಯವನ್ನು ಎತ್ತಿಕೊಳ್ಳುವಾಗ ಜೊತೆಗೊಂದು ಭೂಪಟ ಕೊಟ್ಟು, ಅದರಲ್ಲಿ ಬಾರ್ಬಡೋಸನ್ನೂ ತಪ್ಪದೆ ಗುರುತಿಸಬೇಕೆಂದು ಕೋರುತ್ತೇನೆ. 1670ರಲ್ಲಿ ನೆಲೆ ಕಂಡ ದಕ್ಷಿಣದ ವಸಾಹತು ಕ್ಯಾರೊಲೈನಕ್ಕೆ ಆ ದ್ವೀಪದ ತೋಟದ ಮಾಲೀಕರೇ ಗುಲಾಮರನ್ನು ಕರೆದುಕೊಂಡು ಬಂದರು, ಅಲ್ಲಿನ ಗುಲಾಮರ ಕಾನೂನೂ ಬಾರ್ಬಡೋಸಿನ ಮಾದರಿಯಲ್ಲೇ ರೂಪುಗೊಂಡಿತು.

– ನಿವೃತ್ತ ಇತಿಹಾಸ ಉಪನ್ಯಾಸಕ, ಕುಂಜಿಬೆಟ್ಟು, ಉಡುಪಿ