ತಿಂಡಿ ಆಯ್ತು, ಮತ್ತೆ ಹಸಿವು!

ಪ್ರಿಯ ಓದುಗರೇ,

ಹೋದ ತಿಂಗಳ ಕನ್ನಡ ತರಗತಿಯ ದಿನ ಮಕ್ಕಳಿಗೆ ವಾಫಲ್ ತಿಂಡಿ ಇತ್ತು. ತಿಂದು ಒಂದು ಗಂಟೆಯೂ ಆಗಿರಲಿಲ್ಲ, ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ಬಂದು, “ಆಂಟಿ, ನಂಗೆ ಮತ್ತೆ ಹಸಿವಾಗ್ತಿದೆ” ಅಂದ. ತಟ್ಟೆ ಖಾಲಿ ಮಾಡಿ ಎರಡನೇ ಸಲ ಹಾಕಿಸಿಕೊಂಡಿದ್ದವನು ಅವನು. ಈ ಸಂಚಿಕೆಗೆ ಬೇರೆ ವಿಷಯ ಇಟ್ಟುಕೊಂಡಿದ್ದೆ. ನಾಳೆ ಬೆಳಗ್ಗೆ ಸುದ್ದಿಪತ್ರ ಹೊರಡಬೇಕು, ಆದರೂ ಅವನ ಮಾತು ತಲೆಯಿಂದ ಹೋಗಿಲ್ಲ. ಅದನ್ನೇ ಬರೆಯುತ್ತೇನೆ.

ಅವನಿಗೆ ಹಸಿವಾಗಿದ್ದರಲ್ಲಿ ಆಶ್ಚರ್ಯ ಇಲ್ಲ. ಮಾಮೂಲಿ ವಾಫಲ್, ಪ್ಯಾನ್‌ಕೇಕ್ ಎರಡರಲ್ಲೂ ಇರೋದು ಹೆಚ್ಚಾಗಿ ಮೈದಾ ಮತ್ತು ಸಕ್ಕರೆ. ನೂರು ಗ್ರಾಂ ಮೈದಾದಲ್ಲಿ ನಾರಿನಂಶ ಮೂರು ಗ್ರಾಂ ಆಸುಪಾಸು. ತೌಡಿನ ಸಮೇತ ಬೀಸಿದ ಗೋಧಿ ಹಿಟ್ಟಿನಲ್ಲಿ ಹತ್ತು ಗ್ರಾಂ ದಾಟುತ್ತದೆ. ನಾರು, ಪ್ರೋಟೀನ್ ಕಡಿಮೆ ಇರುವ ತಿಂಡಿ ಬೇಗ ಅರಗುತ್ತದೆ, ಹೊಟ್ಟೆ ಬೇಗ ಕರೆಯುತ್ತದೆ. ವಾಫಲ್ ಗರಿಗರಿಯಾಗಿ ಬರಲಿ, ಅಚ್ಚಿಗೆ ಅಂಟದಿರಲಿ ಅಂತ ಅದಕ್ಕೆ ಬೆಣ್ಣೆಯೋ ಎಣ್ಣೆಯೋ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ ಬೀಳುತ್ತದೆ. ಮೇಲಿನ ಗುಳಿಗಳಂತೂ ಸಿರಪ್ ನಿಲ್ಲೋದಕ್ಕೇ ಇದ್ದ ಹಾಗಿವೆ.

ನನ್ನನ್ನು ಕೇಳಿದರೆ ದೊಡ್ಡ ಸಮಸ್ಯೆ ಈ ಸಿರಪ್. ಒಂದು ಟೇಬಲ್ ಚಮಚ ಮೇಪಲ್ ಸಿರಪ್‌ನಲ್ಲಿ ಸುಮಾರು 12 ಗ್ರಾಂ ಸಕ್ಕರೆ. ಕಾಲು ಕಪ್ ಸುರಿದುಕೊಂಡರೆ 50 ಗ್ರಾಂ ಹತ್ತಿರ. ದಿನಕ್ಕೆ 2000 ಕ್ಯಾಲೊರಿ ತಿನ್ನುವ ದೊಡ್ಡವರಿಗೆ ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಹಾಕಿದ ಮೇಲಿನ ಮಿತಿಯೇ ಅಷ್ಟು. 25 ಗ್ರಾಂಗೆ ಇಳಿಸಿದರೆ ಇನ್ನೂ ಒಳ್ಳೆಯದು ಅನ್ನುತ್ತದೆ ಆ ಸಂಸ್ಥೆ. ಮಕ್ಕಳು ತಿನ್ನೋದೇ ಕಡಿಮೆ, ಅವರ ಮಿತಿ ಅದಕ್ಕಿಂತ ಕೆಳಗೆ. ಜೇನುತುಪ್ಪವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಇಡೀ ಹಣ್ಣು ಸೇರುವುದಿಲ್ಲ.

ಹಾಗಂತ ಮಕ್ಕಳಿಂದ ಪ್ಯಾನ್‌ಕೇಕ್ ಕಿತ್ತುಕೊಳ್ಳಿ ಅನ್ನುತ್ತಿಲ್ಲ. ಅದನ್ನು ಹೇಗೆ ಸರಿಮಾಡಬಹುದು ಅಂತ ನನಗೆ ತೋರಿಸಿದ್ದು ನನ್ನ ಅಮ್ಮ.

ಅಮ್ಮ ನಮ್ಮ ಮನೆಗೆ ಬಂದಿದ್ದ ಬೇಸಿಗೆ ಅದು. ಮಗಳು ಅಜ್ಜಿಯ ಕೈಗೆ ಪ್ಯಾನ್‌ಕೇಕ್ ಪುಡಿಯ ಡಬ್ಬ ಕೊಟ್ಟು, ಮಾಡಿಕೊಡು ಅಂದಳು. ಅಮ್ಮ ಕನ್ನಡಕ ಹಾಕಿಕೊಂಡು ಡಬ್ಬ ತಿರುಗಿಸಿದರು. ಅಕ್ಷರ ಸಣ್ಣದಿತ್ತು. “ಓದು, ಇದರಲ್ಲಿ ಏನೇನಿದೆ?” ಅಂದರು. ಜಾಸ್ತಿ ತೂಕದ್ದು ಮೊದಲು ಬರುವ ಪಟ್ಟಿ ಅದು. ಮೊದಲು ಮೈದಾ, ಎರಡನೆಯದೇ ಸಕ್ಕರೆ. ಅಮ್ಮ ಡಬ್ಬ ಮುಚ್ಚಿ ಪಕ್ಕಕ್ಕಿಟ್ಟರು. ಮಿಕ್ಸಿಗೆ ಓಟ್ಸ್ ಹಾಕಿ ಪುಡಿ ಮಾಡಿದರು. ಅಷ್ಟೇ ಅಳತೆ ಗೋಧಿ ಹಿಟ್ಟು ಬೆರೆಸಿದರು. ಸಿಪ್ಪೆಯೆಲ್ಲ ಕಪ್ಪು ಚುಕ್ಕೆಯಾಗಿ ಯಾರೂ ಮುಟ್ಟದೆ ಉಳಿದಿದ್ದ ಬಾಳೆಹಣ್ಣನ್ನು ಸೌಟಿನ ಹಿಂಬದಿಯಿಂದ ಮಗಳ ಕೈಯಲ್ಲೇ ಹಿಸುಕಿಸಿದರು. ಹಣ್ಣು ಕಳಿತಷ್ಟೂ ಅದರ ಪಿಷ್ಟ ಸಕ್ಕರೆಯಾಗುತ್ತಾ ಹೋಗುತ್ತದೆ. ಬೇರೆ ಸಿಹಿ ಬೇಕಾಗಲೇ ಇಲ್ಲ. ಹಾಲು, ಮೊಟ್ಟೆ, ಬೇಕಿಂಗ್ ಪೌಡರ್ ಹಾಕಿ ನಾಲ್ಕು ಸುತ್ತು ಕಲಸಿ ಬಿಟ್ಟುಬಿಟ್ಟರು. ನಾನು ಗಂಟು ಒಡೆಯಲು ಹೋದರೆ ಕೈ ತಡೆದರು. ಜಾಸ್ತಿ ಕಲಸಿದರೆ ಗೋಧಿಯ ಅಂಟು ಬಿಗಿದುಕೊಂಡು ರಬ್ಬರಿನ ಹಾಗಾಗುತ್ತದೆ. ಹತ್ತು ನಿಮಿಷ ಸುಮ್ನೆ ಇಟ್ಟರೆ ತೌಡು, ಓಟ್ಸ್ ಹಾಲು ಹೀರಿ ತಾವೇ ಮೆತ್ತಗಾಗುತ್ತವೆ.

ಆಮೇಲೆ ಸಣ್ಣ ಉರಿಯಲ್ಲಿ ಕಾವಲಿ. ಬಾಳೆಹಣ್ಣು ಬಿದ್ದ ಹಿಟ್ಟು ಬೇಗ ಕೆಂಪಾಗುತ್ತದೆ, ದೊಡ್ಡ ಉರಿಯಾದರೆ ಒಳಗೆ ಹಸಿ ಉಳಿಯುತ್ತದೆ. ಮೇಲೆದ್ದ ಗುಳ್ಳೆಗಳು ಒಡೆದು, ತೂತು ಮುಚ್ಚಿಕೊಳ್ಳದೆ ಹಾಗೇ ನಿಲ್ಲುವವರೆಗೆ ಅಮ್ಮ ತಿರುಗಿಸಲಿಲ್ಲ. ಸ್ಟೂಲಿನ ಮೇಲೆ ನಿಂತ ಮಗಳು “ಅಜ್ಜೀ, ಈಗ? ಈಗ?” ಅಂತ ಕೇಳುತ್ತಲೇ ಇದ್ದಳು. ಫ್ರೀಜರ್‌ನಲ್ಲಿದ್ದ ಬ್ಲೂಬೆರಿಯನ್ನು ಪುಟ್ಟ ಪಾತ್ರೆಯಲ್ಲಿ ಬಿಸಿ ಮಾಡಿದಾಗ ನೇರಳೆ ರಸ ಬಿಟ್ಟಿತು. ಅದನ್ನೇ ಮೇಲೆ ಸುರಿದರು, ಪಕ್ಕಕ್ಕೆ ಒಂದು ಚಮಚ ಗಟ್ಟಿ ಮೊಸರು. ಆ ದಿನ ಮಧ್ಯಾಹ್ನದವರೆಗೂ ಮಗಳು ತಿಂಡಿ ಡಬ್ಬದ ಕಡೆ ಹೋಗಲಿಲ್ಲ. ಅಮ್ಮ ವಾಪಸ್ ಹೋದ ಮೇಲಿನ ಮೊದಲ ಭಾನುವಾರ ಬಾಳೆಹಣ್ಣು ಹಿಸುಕುತ್ತಾ ನಾನೂ ಮಗಳೂ ಏನೂ ಮಾತಾಡಲಿಲ್ಲ. ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಅಳತೆ ಕೇಳುವವರಿಗೆ: ಎರಡೂ ಹಿಟ್ಟು ಸೇರಿ ಒಂದು ಕಪ್, ಒಂದು ಬಾಳೆಹಣ್ಣು, ಒಂದು ಮೊಟ್ಟೆ, ಮುಕ್ಕಾಲು ಕಪ್ ಹಾಲು, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್. ಮೊಟ್ಟೆ ಒಂದರಿಂದಲೇ ಆರು ಗ್ರಾಂನಷ್ಟು ಪ್ರೋಟೀನ್ ಸಿಗುತ್ತದೆ. ಮೊಟ್ಟೆ ತಿನ್ನದವರು ಒಂದು ಟೇಬಲ್ ಚಮಚ ಅಗಸೆ ಪುಡಿಯನ್ನು ಮೂರು ಟೇಬಲ್ ಚಮಚ ನೀರಲ್ಲಿ ನೆನೆಸಿ ಹಾಕಿ. ಹಿಟ್ಟು ಹಿಡಿದುಕೊಳ್ಳುತ್ತದೆ, ಆದರೆ ಪ್ರೋಟೀನ್ ಅಷ್ಟಿರುವುದಿಲ್ಲ, ಹಾಗಾಗಿ ಮೊಸರು ತಪ್ಪಿಸಬೇಡಿ. ಅಗಸೆಯನ್ನು ಪುಡಿ ಮಾಡಿಯೇ ಹಾಕಿ, ಇಡಿಯಾಗಿ ಹಾಕಿದರೆ ಬಹಳಷ್ಟು ಅರಗದೆ ಹೊರಟುಹೋಗುತ್ತದೆ. ವಾಫಲ್‌ಗೂ ಇದೇ ಹಿಟ್ಟು ಆಗುತ್ತದೆ, ಒಂದು ಚಮಚ ಎಣ್ಣೆ ಸೇರಿಸಿ. ಮೊಟ್ಟೆಯ ಬಿಳಿಯನ್ನು ಬೇರೆಯಾಗಿ ನೊರೆ ಬರಿಸಿ ಕೊನೆಗೆ ಬೆರೆಸಿದರೆ ಗರಿಗರಿ. ಮಿಕ್ಕಿದ್ದನ್ನು ಫ್ರೀಜರ್‌ನಲ್ಲಿಟ್ಟು ಶಾಲೆಯ ದಿನ ಟೋಸ್ಟರ್‌ಗೆ ಹಾಕಿ. ಸಿರಪ್ ಬೇಕೇ ಬೇಕು ಅನ್ನುವ ಮಕ್ಕಳಿಗೆ ಬಾಟಲಿ ಕೊಡಬೇಡಿ, ಪುಟ್ಟ ಬಟ್ಟಲಲ್ಲಿ ಒಂದು ಚಮಚ ಹಾಕಿ ಅದ್ದಿಕೊಂಡು ತಿನ್ನಲಿ. ಒಂದು ವರ್ಷ ತುಂಬದ ಮಗುವಿಗೆ ಜೇನು ಮಾತ್ರ ಖಂಡಿತ ಬೇಡ. ಅದರಿಂದ ಬೊಟುಲಿಸಂ ಅನ್ನುವ ಗಂಭೀರ ಕಾಯಿಲೆ ಬರಬಹುದು.

ಜಾಗ ಮುಗಿಯುತ್ತಾ ಬಂತು, ಸೂಚನೆಗಳು ಬೇಗ ಬೇಗ: ಕನ್ನಡ ತರಗತಿ ಈ ತಿಂಗಳು ಅರ್ಧ ಗಂಟೆ ಮೊದಲೇ ಶುರು. ಮಕ್ಕಳ ನಾಟಕದ ತಾಲೀಮು ತರಗತಿ ಮುಗಿದ ಕೂಡಲೇ, ಅದೇ ಕೋಣೆಯಲ್ಲಿ. ಗ್ರಂಥಾಲಯದ ಪುಸ್ತಕ ಇಟ್ಟುಕೊಂಡವರು ದಯವಿಟ್ಟು ತಂದುಕೊಡಿ, ಕಾಯುವವರಿದ್ದಾರೆ. ಸದಸ್ಯತ್ವ ನವೀಕರಣ ಈ ತಿಂಗಳ ಕೊನೆಯವರೆಗೆ.

ತಿಂಗಳ ಕೊನೆಯ ಭಾನುವಾರ ತರಗತಿಯ ಸಹಾಯಾರ್ಥ ಪ್ಯಾನ್‌ಕೇಕ್ ತಿಂಡಿ. ಈ ಸಲ ಮೇಲಿನ ಹಿಟ್ಟು, ಹಣ್ಣು, ಮೊಸರು. ಸಮಿತಿ ಒಪ್ಪಿದೆ, ಕೈಗಳು ಸಾಲುತ್ತಿಲ್ಲ. ಹಣ್ಣು ಹೆಚ್ಚುವವರು, ಕಾವಲಿ ಮುಂದೆ ನಿಲ್ಲುವವರು, ವಾಫಲ್ ಯಂತ್ರ ತರುವವರು ಬೇಕು. ಸುದ್ದಿಪತ್ರಕ್ಕೂ ಒಬ್ಬರು ಬೇಕು. ಕರಡು ತಿದ್ದಲು ತಿಂಗಳಿಗೆ ಒಂದು ಸಂಜೆ ಕೊಟ್ಟರೆ ಸಾಕು, ಕೆಲಸ ಮುಗಿಸಿ ರಾತ್ರಿ ಒಬ್ಬಳೇ ಕೂತು ಮಾಡೋದು ನಿಜವಾಗಿಯೂ ಕಷ್ಟವಾಗುತ್ತಿದೆ. ಹೆಸರು ಕೊಡಲು ಶುಕ್ರವಾರ ಕೊನೆಯ ದಿನ. ಮಕ್ಕಳಿಗೆ ಗೋಧಿ, ಹಾಲು, ಮೊಟ್ಟೆ, ಬೀಜಗಳ ಅಲರ್ಜಿ ಇದ್ದರೆ ಅದನ್ನೂ ಜೊತೆಗೇ ಬರೆಯಿರಿ, ಅವರಿಗೆ ಬೇರೆ ಕಾವಲಿ ಇಡುತ್ತೇವೆ.

— ಸಂಪಾದಕಿ