ಕಾಲಿನ ಮೊಣಕೈ

ರಾತ್ರಿ ಹನ್ನೊಂದೂವರೆ. ಬೆಳಗಾದರೆ ಹೊರದೇಶದ ನಮ್ಮ ಕನ್ನಡ ಸಂಘದ ಪತ್ರಿಕೆಯ ಪುಟಗಳು ಅಚ್ಚಿಗೆ ಹೋಗಬೇಕು, ಸಂಪಾದಕೀಯದ ಜಾಗವೊಂದೇ ಖಾಲಿ. ಗಣೇಶನ ಬಗ್ಗೆ ಬರೆಯಲೆಂದು ಕುಳಿತೆ. ಆದರೆ ಭಾನುವಾರ ಕನ್ನಡ ತರಗತಿಯಲ್ಲಿ ಎಡವಿ ಬಿದ್ದ ಪುಟ್ಟ ಹುಡುಗಿ ಮಂಡಿ ಹಿಡಿದುಕೊಂಡು, "ಆಂಟಿ, ಕಾಲಿನ ಮೊಣಕೈ ನೋಯುತ್ತಿದೆ" ಎಂದು ಅತ್ತದ್ದು ತಲೆಯಿಂದ ಇಳಿಯುತ್ತಿಲ್ಲ. ನಾವೆಲ್ಲ ನಕ್ಕುಬಿಟ್ಟೆವು, ಪಾಪ.

ಆಗ ನೆನಪಾದವನು ಆಫ್ರಿಕದ ಲಾಂಬರೆನೆ ಎಂಬ ಊರಿನ ಜೋಸೆಫ್. ಪಾದ್ರಿಯಾಗಿದ್ದು, ಮೂವತ್ತನೆಯ ವಯಸ್ಸಿಗೆ ವೈದ್ಯಕೀಯ ಓದಲು ಕುಳಿತ ಆಲ್ಬರ್ಟ್ ಶ್ವೈಟ್ಜರ್ 1913ರಲ್ಲಿ ಈಗಿನ ಗಬಾನ್‌ನ ಒಗೊವೆ ನದಿಯ ದಂಡೆಯ ಆ ಊರಿಗೆ ಬಂದಿಳಿದರು. ನೆಲೆ ಕೊಟ್ಟ ಪ್ಯಾರಿಸ್ ಮಿಷನ್‌ಗೆ ಅವರ ಧರ್ಮವಿಚಾರಗಳ ಮೇಲೆ ಗುಮಾನಿ. ಔಷಧ ಕೊಡಿ, ಉಪದೇಶ ಬೇಡ ಎಂದಿತ್ತು. ಹಳೆಯ ಕೋಳಿಗೂಡಿಗೆ ಸುಣ್ಣ ಬಳಿದು ಚಿಕಿತ್ಸಾಲಯ ಮಾಡಿಕೊಂಡರು. ಗಲೋವಾ, ಫಾಂಗ್ ಬುಡಕಟ್ಟಿನವರು ದೋಣಿಗಳಲ್ಲಿ ಬಂದರು: ಮಲೇರಿಯಾ, ಕುಷ್ಠ, ನಿದ್ರಾರೋಗ, ಕೀವು ಸೋರುವ ಹುಣ್ಣುಗಳು. ಡಾಕ್ಟರರಿಗೆ ಅವರ ಮಾತು ಬಾರದು. ನಡುವೆ ನಿಂತು ಮಾತು ದಾಟಿಸಿದವನು ಜೋಸೆಫ್. ಮೊದಲು ಅಡುಗೆಯವನಾಗಿದ್ದವನು, ಹಾಗಾಗಿ ಇವನಿಗೆ ಬಲಗಡೆಯ ಕುರಿತೊಡೆ ನೋವು, ಅವಳಿಗೆ ಎಡಗಡೆಯ ಕಟ್ಲೆಟ್ ನೋವು ಎನ್ನುತ್ತಿದ್ದನಂತೆ. (ನಮ್ಮ ಆಲೂಗಡ್ಡೆ ಕಟ್ಲೆಟ್ ಅಲ್ಲ, ಪಕ್ಕೆಲುಬಿನ ಮಾಂಸ.)

ಶ್ವೈಟ್ಜರ್‌ಗೆ 1952ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು, ಆ ಹಣ ಕುಷ್ಠರೋಗಿಗಳ ವಸತಿಗೆ ಹೋಯಿತು. ಆಫ್ರಿಕದವರು ತಮ್ಮಂದಿರು, ತಾನು ಅಣ್ಣ ಎಂಬ ಅವರ ಧೋರಣೆ ಮಾತ್ರ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ನನಗೆ ಜೋಸೆಫನೇ ಹತ್ತಿರದವನು.

ಕಳೆದ ಚಳಿಗಾಲ ಆ ಕೆಲಸ ನನ್ನ ಪಾಲಿಗೂ ಬಂದಿತ್ತು. ಅಮ್ಮನನ್ನು ಇಲ್ಲಿನ ವೈದ್ಯರ ಬಳಿ ಕರೆದೊಯ್ದಿದ್ದೆ. "ಎದೆಯಲ್ಲಿ ಸಂಕಟ" ಎಂದರು ಅಮ್ಮ. ಸಂಕಟಕ್ಕೆ ಇಂಗ್ಲಿಷಿನಲ್ಲಿ ಏನೆನ್ನಲಿ? ಆತುರದಲ್ಲಿ ದುಃಖ ಎಂದು ದಾಟಿಸಿದೆ. ವೈದ್ಯೆ ಕುರ್ಚಿ ಹತ್ತಿರ ಎಳೆದುಕೊಂಡು, ನಿದ್ದೆ ಬರುತ್ತದೆಯೇ, ಊರಿನ ನೆನಪು ಕಾಡುತ್ತದೆಯೇ ಎಂದು ಮೆಲ್ಲಗೆ ಕೇಳತೊಡಗಿದರು. ಅಮ್ಮ ನನ್ನತ್ತ ತಿರುಗಿ, "ಅದು ಇದ್ದದ್ದೇ. ಇದು ನಿನ್ನೆಯ ಗೊಜ್ಜಿನ ಸಂಕಟ ಎಂದು ಹೇಳು" ಎಂದರು.

ಜಾಗ ಮುಗಿಯುತ್ತಿದೆ. ವಿಸರ್ಜನೆ ಶನಿವಾರ ಮಧ್ಯಾಹ್ನ, ಊಟಕ್ಕೆ ಹೆಸರು ಗುರುವಾರದೊಳಗೆ ಕೊಡಿ. ರಾಜ್ಯೋತ್ಸವ ನಾಟಕಕ್ಕೆ ಒಬ್ಬ ರಾಜ ಬೇಕು, ಮೀಸೆ ನಮ್ಮಲ್ಲಿದೆ. ಯುಗಾದಿಯಂದು ಬಿಟ್ಟುಹೋದ ಎರಡು ಕುಕ್ಕರ್ ಮುಚ್ಚಳಗಳು ಇನ್ನೂ ನಮ್ಮ ಗ್ಯಾರೇಜಿನಲ್ಲಿವೆ.

ಮತ್ತೆ, ಊರಿನಿಂದ ಬಂದ ಹಿರಿಯರ ಜೊತೆ ಆಸ್ಪತ್ರೆಗೆ ಹೋಗಿ ಮಾತು ದಾಟಿಸುವವರ ಪಟ್ಟಿಯಲ್ಲಿ ಮೂರೇ ಹೆಸರುಗಳಿವೆ. ಒಂದು ನನ್ನದು, ಒಂದು ನನ್ನ ಗಂಡನದು. ಮೂರನೆಯವರು ಮುಂದಿನ ತಿಂಗಳು ಮನೆ ಖಾಲಿ ಮಾಡಿ ಊರಿಗೆ ಮರಳುತ್ತಿದ್ದಾರೆ.